ರೋಗಕ್ಕೆ ರೈತನಿಟ್ಟ ಹೆಸರು

ಕಳೆದ ಬೇಸಿಗೆಯ ರಜೆಯಲ್ಲಿ ಅಕ್ಕನ ಮಗ ಊರಿನಿಂದ ಮುಂಬಯಿಗೆ ಬಂದು ಗೋರೆಗಾಂವದ ನಮ್ಮ ಮನೆಯಲ್ಲಿ ಮೂರು ವಾರ ಇದ್ದ. ಉತ್ತರ ಕರ್ನಾಟಕದ ಒಂದು ಪಶುಸಂಗೋಪನಾ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಓದುತ್ತಿರುವ ಹುಡುಗ. ಮೊದಲ ಸಲ ಮುಂಬಯಿ ಕಂಡವರಿಗೆ ಇರಬೇಕಾದ ಸಮುದ್ರದ ಹುಚ್ಚು ಅವನಿಗೆ ಎರಡೇ ದಿನಕ್ಕೆ ಇಳಿಯಿತು. ಚೀಲದಲ್ಲಿ ದೊಡ್ಡ ಪ್ರಾಣಿಗಳ ರೋಗಗಳ ಕುರಿತ ದಪ್ಪನೆಯ ಇಂಗ್ಲಿಷ್ ನೋಟ್ಸು ತಂದಿದ್ದ. ದೊಡ್ಡ ಪ್ರಾಣಿಗಳೆಂದರೆ ಆ ವಿದ್ಯೆಯ ಪರಿಭಾಷೆಯಲ್ಲಿ ದನ, ಎಮ್ಮೆ, ಕುದುರೆಗಳು. "ನಿಮ್ಮ ಮಾಮಾ ಇಂಗ್ಲಿಷ್ ಎಂ.ಎ. ಮಾಡ್ಯಾನ, ಅವನ ಕಡೆ ಕೇಳಿ ತಿಳ್ಕೊ" ಎಂದು ಅಕ್ಕ ಹೇಳಿ ಕಳಿಸಿದ್ದಳು. ನನಗೂ ಒಳಗೊಳಗೆ ಸಂತೋಷವೇ ಆಗಿತ್ತು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಕಡತಗಳಿಗೆ ಟಿಪ್ಪಣಿ ಬರೆದ ಮೇಲೆ, ಕಲಿತ ಇಂಗ್ಲಿಷ್ ಯಾರಿಗಾದರೂ ನಿಜವಾಗಿ ಬೇಕಾಗಿದೆ ಎನ್ನುವುದು ಸಣ್ಣ ಸಂಗತಿಯಲ್ಲ.

ಮೊದಲ ಸಂಜೆಯೇ ಅವನು ಒಂದು ಶಬ್ದದ ಮೇಲೆ ಬೆರಳಿಟ್ಟ. "ಮಾಮಾ, ಕ್ರೆಪಿಟೇಟಿಂಗ್ ಸ್ವೆಲಿಂಗ್ ಅಂದ್ರ ಏನ್ರಿ?" ಬ್ಲ್ಯಾಕ್ ಕ್ವಾರ್ಟರ್ ಎಂಬ ರೋಗದ ಲಕ್ಷಣಗಳ ಪಟ್ಟಿಯಲ್ಲಿ ಅದಿತ್ತು. ನಾನು ನಿಘಂಟು ತೆಗೆದು, ಲ್ಯಾಟಿನ್ ಮೂಲ ಹೇಳಿ, ಚಟಪಟ ಸದ್ದು ಮಾಡುವ ಬಾವು ಎಂದು ವಿವರಿಸಿದೆ. ಹುಡುಗ ತಲೆಯಾಡಿಸಿದ, ಆದರೆ ಬಾವು ಸದ್ದು ಮಾಡುವುದು ಹೇಗೆಂದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿದಿರಲಿಲ್ಲ. ಊರಿಗೆ ಫೋನು ಹಚ್ಚಿ ಭಾವನನ್ನು ಕೇಳಿದೆವು. ಭಾವ ಏಳನೆಯ ತರಗತಿಯವರೆಗೆ ಓದಿದವರು, ಹುಟ್ಟಾ ಒಕ್ಕಲಿಗರು. ರೋಗದ ಇಂಗ್ಲಿಷ್ ಹೆಸರು ಅವರಿಗೆ ತಾಗಲಿಲ್ಲ. ಮಳೆಗಾಲದಲ್ಲಿ ಬರುತ್ತದೆ, ಮೈತುಂಬಿಕೊಂಡ ಎಳೆಯ ದನಗಳಿಗೇ ಹೆಚ್ಚು ಬರುತ್ತದೆ, ತೊಡೆ ಊದಿ ಕುಂಟುತ್ತವೆ ಎಂದು ಹುಡುಗ ಹೇಳುತ್ತ ಹೋದಂತೆ ಅತ್ತಲಿಂದ ಉತ್ತರ ಬಂತು: "ಅದು ಚಪ್ಪಿ ಬ್ಯಾನಿ ಅಲ್ಲೇನೊ! ಚಪ್ಪಿ ಮ್ಯಾಲ ಕೈ ಇಟ್ಟು ಒತ್ತಿದ್ರ ಚರ್ಮದ ಒಳಗ ಹಪ್ಪಳ ಮುರದಂಗ ಸಪ್ಪಳ ಬರ್ತೈತಿ. ಹಂಗ ಬಂತಂದ್ರ ತಡಾ ಮಾಡಬಾರ್ದು."

ಹುಡುಗ ನೋಟ್ಸಿನ ಅಂಚಿನಲ್ಲಿ 'ಹಪ್ಪಳ' ಎಂದು ಬರೆದುಕೊಂಡ. ಶಬ್ದದ ವ್ಯುತ್ಪತ್ತಿ ನನ್ನ ಬಳಿ ಇತ್ತು, ರೋಗದ ಸ್ಪರ್ಶ ಭಾವನ ಬಳಿ ಇತ್ತು. ಪರೀಕ್ಷೆಯಲ್ಲಿ ಅಂಕ ಸಿಗುವುದು ಮೊದಲನೆಯದಕ್ಕೆ, ಕೊಟ್ಟಿಗೆಯಲ್ಲಿ ದನ ಉಳಿಯುವುದು ಎರಡನೆಯದರಿಂದ. ದೊಡ್ಡ ಪ್ರಾಣಿಗಳ ರೋಗಗಳನ್ನು ಕಲಿಯುವ ನಮ್ಮ ಮಕ್ಕಳು ಆ ರೋಗಗಳನ್ನು ರೈತ ಕರೆಯುವ ಹೆಸರುಗಳಲ್ಲಿಯೂ ಕಲಿಯಬೇಕು, ಆ ಹೆಸರುಗಳಲ್ಲಿ ಅವರನ್ನು ಪರೀಕ್ಷಿಸಲೂಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಇದು ಭಾಷಾಭಿಮಾನದ ಮಾತಾಗಿ ಕಾಣಬಹುದು. ನನ್ನ ಮಟ್ಟಿಗೆ ಇದು ಮೊದಲಾಗಿ ಚಿಕಿತ್ಸೆಯ ಪ್ರಶ್ನೆ.

ನಮ್ಮ ಕಡೆಯ ಹೆಸರುಗಳನ್ನೇ ನೋಡಿ. ಚಪ್ಪೆ ಎಂದರೆ ದನದ ಸೊಂಟದ ಭಾಗ. ಚಪ್ಪೆ ರೋಗ ಎನ್ನುವಾಗ ಬಾವು ಎಲ್ಲಿ ಕಾಣುತ್ತದೆಂಬುದನ್ನು ಹೆಸರೇ ತೋರಿಸುತ್ತದೆ. ಗಳಲೆ ರೋಗದಲ್ಲಿ ಗಳ, ಅಂದರೆ ಗಂಟಲು, ಇದೆ. ಗಂಟಲು ಊದಿ ಉಸಿರು ಕಟ್ಟಿ ಒಂದೆರಡು ದಿನಗಳಲ್ಲಿ, ಎಷ್ಟೋ ಸಲ ಒಂದೇ ದಿನದಲ್ಲಿ, ಎಮ್ಮೆಯನ್ನು ಕೊಲ್ಲುವ ಈ ರೋಗವನ್ನು ಪುಸ್ತಕ ಹೆಮರೇಜಿಕ್ ಸೆಪ್ಟಿಸೀಮಿಯಾ ಎನ್ನುತ್ತದೆ. ಕಾಲುಬಾಯಿ ಜ್ವರದ ಹೆಸರಿನಲ್ಲಿ ನೋಡಬೇಕಾದ ಮೂರೂ ಇವೆ: ಗೊರಸಿನ ಸಂದು, ಬಾಯಿ, ಮೈಯ ಶಾಖ. ಕೆಚ್ಚಲು ಬಾವು, ಹೊಟ್ಟೆಯುಬ್ಬರ ಇವುಗಳಿಗೆ ವಿವರಣೆಯೇ ಬೇಡ. ಇನ್ನು ಬ್ರುಸೆಲೋಸಿಸ್‌ಗೆ ಕನ್ನಡದಲ್ಲಿ ಕಂದು ರೋಗ ಎನ್ನುತ್ತಾರೆ. ನಗರದಲ್ಲಿ ಬೆಳೆದ ಕನ್ನಡಿಗನಿಗೆ ಅದು ಕಂದು ಬಣ್ಣದ ರೋಗವಾಗಿ ಕೇಳಿಸೀತು. ಗಬ್ಬದ ಹಸು ಹೊತ್ತಿಗೆ ಮೊದಲೇ ಕರುವನ್ನು ಕಳೆದುಕೊಳ್ಳುವುದಕ್ಕೆ 'ಕಂದು ಹಾಕುವುದು' ಎನ್ನುತ್ತಾರೆಂದು ತಿಳಿದವನಿಗೆ ಮಾತ್ರ ಆ ಹೆಸರು ತೆರೆದುಕೊಳ್ಳುತ್ತದೆ. ಹಾಗೆಯೇ, "ಕಸ ಬಿದ್ದಿಲ್ಲರಿ" ಎಂದು ರೈತ ಫೋನಿನಲ್ಲಿ ಹೇಳಿದಾಗ ಅವನು ಹೇಳುತ್ತಿರುವುದು ಹೆರಿಗೆಯ ನಂತರ ಮಾಸು ಹೊರಬಿದ್ದಿಲ್ಲ ಎಂದು. ಕಂದು ಹಾಕಿದ ಹಸುವಿನ ಕಸವನ್ನು ಬರಿಗೈಯಲ್ಲಿ ತೆಗೆಯಹೋದರೆ ಅದೇ ರೋಗ ಮನುಷ್ಯನಿಗೂ ಅಂಟಬಹುದು. ಈ ಎರಡು ಮಾತುಗಳನ್ನು ಒಟ್ಟಿಗೆ ಕೇಳಿಸಿಕೊಂಡ ವಿದ್ಯಾರ್ಥಿ ಕೈಗವಸು ಹಾಕಿಕೊಂಡೇ ಕೊಟ್ಟಿಗೆಗೆ ಇಳಿಯುತ್ತಾನೆ. ಅಷ್ಟು ಪ್ರಯೋಜನ ಸಾಲದೆ?

ಹಳ್ಳಿಯ ಹೆಸರು ಶಾಸ್ತ್ರಕ್ಕೆ ಸಲ್ಲದು ಎಂಬ ಅಳುಕು ಇರುವವರಿಗೆ ನಮ್ಮ ಮುಂಬಯಿಯದೇ ಒಂದು ಉದಾಹರಣೆ ಇದೆ. ಪರೇಲಿನಲ್ಲಿ ಬಾಂಬೆ ಪಶುವೈದ್ಯಕೀಯ ಕಾಲೇಜು ಆರಂಭವಾದದ್ದು 1886ರಲ್ಲಿ, ಬಾಯಿ ಸಾಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯ ಆವರಣದಲ್ಲಿ. ಅದರ ಮೊದಲ ಪ್ರಾಂಶುಪಾಲ ಜೆ. ಎಚ್. ಸ್ಟೀಲ್. ಕುದುರೆ, ಒಂಟೆ, ಹೇಸರಗತ್ತೆಗಳನ್ನು ಸೊರಗಿಸಿ ಕೊಲ್ಲುವ ಒಂದು ರೋಗದ ಪರೋಪಜೀವಿಯನ್ನು 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಸೈನ್ಯದ ಪಶುವೈದ್ಯ ದೇರಾ ಇಸ್ಮಾಯಿಲ್ ಖಾನ್‌ನಲ್ಲಿ ಪ್ರಾಣಿಗಳ ರಕ್ತದಲ್ಲಿ ಕಂಡಿದ್ದ. ಐದು ವರ್ಷಗಳ ನಂತರ ಬರ್ಮಾದ ಹೇಸರಗತ್ತೆಗಳಲ್ಲಿ ಅದನ್ನೇ ಕಂಡ ಸ್ಟೀಲ್ ಆ ಜೀವಿಗೆ ಇವಾನ್ಸನ ಹೆಸರಿಟ್ಟ. ಇಂದಿಗೂ ಅದು ಟ್ರಿಪನೋಸೋಮಾ ಇವಾನ್ಸಿ. ಆದರೆ ರೋಗಕ್ಕೆ ಜಗತ್ತಿನ ಎಲ್ಲ ಪಠ್ಯಪುಸ್ತಕಗಳಲ್ಲಿ ಇರುವ ಹೆಸರು 'ಸರ್ರಾ'. ನನ್ನ ಸೋದರಳಿಯ ಅದನ್ನು ಇಂಗ್ಲಿಷ್ ಶಬ್ದವೆಂದೇ ಬಾಯಿಪಾಠ ಮಾಡಿದ್ದ. ಇಂಗ್ಲಿಷ್ ನಿಘಂಟುಗಳು ಅದಕ್ಕೆ ಕೊಡುವ ಮೂಲ ಮರಾಠಿ. ಮೂಗಿನಿಂದ ಸುಯ್ಯೆಂದು ಹೊರಡುವ ಉಸಿರಿನ ಸದ್ದು. ಯಾವುದೋ ಕುದುರೆ ಲಾಯದಲ್ಲಿ ರೋಗಿ ಪ್ರಾಣಿಯ ಪಕ್ಕ ನಿಂತವನ ಕಿವಿಗೆ ಬಿದ್ದದ್ದು ಶಾಸ್ತ್ರದ ಶಬ್ದವಾಗಿ ಜಗತ್ತನ್ನು ಸುತ್ತಿತು.

ಉಳಿದ ಹೆಸರುಗಳ ಜಾತಕವೂ ಹೀಗೆಯೇ. ಆಂಥ್ರಾಕ್ಸ್ ಎಂದರೆ ಗ್ರೀಕಿನಲ್ಲಿ ಇದ್ದಿಲು. ಮನುಷ್ಯನ ಚರ್ಮದ ಮೇಲೆ ಅದು ಎಬ್ಬಿಸುವ ಕಪ್ಪು ಹುಣ್ಣಿನಿಂದ ಬಂದ ಹೆಸರು. ರಿಂಡರ್‌ಪೆಸ್ಟ್ ಜರ್ಮನ್ ಭಾಷೆಯ 'ದನದ ಪಿಡುಗು'. ಪ್ರತಿಯೊಂದೂ ಅದರದರ ನಾಡಿನ ಸಾಮಾನ್ಯರ ಮಾತು. ದೂರದಿಂದ ಬಂದ ಕಾರಣಕ್ಕೆ ನಮಗೆ ಅವು ಶಾಸ್ತ್ರೀಯವಾಗಿ ಕೇಳುತ್ತವೆ, ಹತ್ತಿರದಲ್ಲಿರುವ ಕಾರಣಕ್ಕೆ ಚಪ್ಪೆ, ಗಳಲೆಗಳು ಒರಟಾಗಿ ಕೇಳುತ್ತವೆ.

ಈ ಕಿವುಡು ನನಗೂ ಇತ್ತೆಂದು ಒಪ್ಪಿಕೊಳ್ಳಬೇಕು. ಎಂ.ಎ. ತರಗತಿಯಲ್ಲಿ ಥಾಮಸ್ ಹಾರ್ಡಿಯ 'ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್' ಓದಿದ್ದೆವು. 1874ರ ಆ ಕಾದಂಬರಿಯಲ್ಲಿ ಎಳೆಯ ಕ್ಲೋವರ್ ಮೇವಿನ ಹೊಲಕ್ಕೆ ನುಗ್ಗಿದ ಕುರಿಗಳ ಹೊಟ್ಟೆ ಉಬ್ಬಿ ಒಂದೊಂದಾಗಿ ಉರುಳುತ್ತವೆ. ಒಡತಿ ತಾನೇ ಕೆಲಸದಿಂದ ತೆಗೆದ ಗೇಬ್ರಿಯಲ್ ಓಕ್‌ನನ್ನು ಬೇಡಿ ಕರೆಸಬೇಕಾಗುತ್ತದೆ. ಅವನು ಬಂದು ಪಕ್ಕೆಯ ಸರಿಯಾದ ಜಾಗದಲ್ಲಿ ಕೊಳವೆ ಚುಚ್ಚಿ ಗಾಳಿ ಹೊರಬಿಟ್ಟು ಹಿಂಡನ್ನು ಉಳಿಸುತ್ತಾನೆ. ಆ ಅಧ್ಯಾಯದಲ್ಲಿ ನಾವು ಚರ್ಚಿಸಿದ್ದು ನಾಯಕಿಯ ಅಹಂಕಾರವನ್ನು, ವರ್ಗಭೇದವನ್ನು, ಪ್ರೇಮವನ್ನು. ಕುರಿಗಳಿಗೆ ಏನಾಗಿತ್ತೆಂದು ಒಬ್ಬರೂ ಕೇಳಲಿಲ್ಲ. ನಮ್ಮ ಕೊಟ್ಟಿಗೆಯಲ್ಲೇ ಹಸಿ ಮೇವು ಮಿತಿಮೀರಿ ತಿಂದ ಎಮ್ಮೆ ಎಡಪಕ್ಕೆ ಉಬ್ಬಿಸಿಕೊಂಡು ನಿಂತದ್ದನ್ನು ಕಂಡು ಬೆಳೆದ ನಾನು ಕೂಡ ಅದು ಹೊಟ್ಟೆಯುಬ್ಬರವೇ ಎಂದು ಗುರುತಿಸಲಿಲ್ಲ. ಇಂಗ್ಲಿಷ್ ಪುಸ್ತಕ ತೆರೆದ ಕೂಡಲೇ ಕೊಟ್ಟಿಗೆಯ ಕದ ಮುಚ್ಚಿಕೊಂಡಿತ್ತು.

ಸೋದರಳಿಯನನ್ನು ಒಂದು ಭಾನುವಾರ ನಸುಕಿನಲ್ಲಿ ಆರೆಯ ಒಂದು ತಬೇಲಾಕ್ಕೆ ಕರೆದೊಯ್ದೆ. ಮುಂಬಯಿಯ ಹೊರಗಿನ ಓದುಗರಿಗೆ ಹೇಳಬೇಕೆಂದರೆ, ಇಲ್ಲಿ ಎಮ್ಮೆ ಸಾಕುವ ಕೊಟ್ಟಿಗೆಗೆ ತಬೇಲಾ ಎನ್ನುತ್ತಾರೆ. ಊರಿನೊಳಗಿನ ಇಕ್ಕಟ್ಟಾದ ತಬೇಲಾಗಳಿಂದ ಎಮ್ಮೆಗಳನ್ನು ಹೊರಗೆ ಸಾಗಿಸಲೆಂದೇ 1949ರಲ್ಲಿ ಗೋರೆಗಾಂವದ ಪಕ್ಕದ ಕಾಡಿನಲ್ಲಿ ಆರೆ ಹಾಲಿನ ಕಾಲೊನಿ ಕಟ್ಟಿದರು. ಅದರ ಹಿಂದಿದ್ದ ದಾರಾ ಖುರೋಡಿ ಅವರಿಗೆ 1963ರಲ್ಲಿ ವರ್ಗೀಸ್ ಕುರಿಯನ್, ತ್ರಿಭುವನದಾಸ್ ಪಟೇಲರ ಜೊತೆಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ನಾವು ಹೋದ ತಬೇಲಾದಲ್ಲಿ ಎಮ್ಮೆ ನೋಡಿಕೊಳ್ಳುವವರು ಉತ್ತರ ಪ್ರದೇಶದ ಜೌನ್‌ಪುರದ ಕಡೆಯವರು. ಹುಡುಗ ತನಗೆ ಬರುವ ಹಿಂದಿಯಲ್ಲಿ ರೋಗಗಳನ್ನು ಕೇಳತೊಡಗಿದ. ಗಂಟಲು ಊದುವುದಕ್ಕೆ ಅವರು 'ಗಲಘೋಂಟು' ಎಂದರು; ಉಸಿರು ಕತ್ತು ಹಿಸುಕಿದಂತಾಗುವ ಚಿತ್ರ. ಕಾಲುಬಾಯಿ ಜ್ವರ 'ಖುರ್‌ಪಕಾ', ಕೆಚ್ಚಲು ಬಾವು 'ಥನೈಲಾ'. ಪಕ್ಕದಲ್ಲಿದ್ದ ಮರಾಠಿ ಹಾಲಿನ ವ್ಯಾಪಾರಿ ಸೇರಿಸಿದರು: ಗಳಲೆಗೆ 'ಘಟಸರ್ಪ', ಚಪ್ಪೆಗೆ 'ಫರ್‍ಯಾ', ಕಾಲುಬಾಯಿಗೆ 'ಲಾಳ್ ಖುರ್ಕೂತ್', ಕೆಚ್ಚಲು ಕಲ್ಲಾಗುವುದಕ್ಕೆ 'ದಗಡೀ'. ಮುಂಬಯಿಯಲ್ಲಿ ಈ ವಿದ್ಯೆ ಕಲಿಯುವವನು ಒಂದೇ ರೋಗವನ್ನು ಮೂರು ಭಾಷೆಯಲ್ಲಿ ಗುರುತಿಸಬೇಕು. ಪುಸ್ತಕ ಅವನಿಗೆ ಕೊಡುವುದು ಈ ಮೂರರಲ್ಲಿ ಯಾವುದೂ ಅಲ್ಲದ ನಾಲ್ಕನೆಯದನ್ನು.

ಅಲ್ಲಿಯೇ ಇನ್ನೊಂದು ಪಾಠವೂ ಆಯಿತು. ಈದು ಎರಡು ದಿನವಾಗಿದ್ದ ಎಮ್ಮೆಯೊಂದು ಹಿಂದಿನ ತಿಂಗಳು ಏಳಲಾರದೆ ಕುಸಿದು ಕೂತಿತ್ತೆಂದೂ, ಕತ್ತು ಪಕ್ಕೆಗೆ ತಿರುಗಿಸಿಕೊಂಡಿತ್ತೆಂದೂ, ಮೈ, ಕಿವಿ ತಣ್ಣಗಾಗಿದ್ದವೆಂದೂ, ವೈದ್ಯರು ನರಕ್ಕೆ ಬಾಟಲಿ ಏರಿಸಿದ ಸ್ವಲ್ಪ ಹೊತ್ತಿಗೆ ಎದ್ದು ನಿಂತಿತೆಂದೂ ಆ ಜೌನ್‌ಪುರದವರು ಹೇಳಿದರು. ಹುಡುಗ ಥಟ್ಟನೆ ಗುರುತಿಸಿದ: "ಮಿಲ್ಕ್ ಫೀವರ್!" ಅವರು ನಕ್ಕುಬಿಟ್ಟರು. ಮೈ ತಣ್ಣಗಿತ್ತು ಎಂದರೆ ಜ್ವರ ಎನ್ನುತ್ತಾನಲ್ಲ ಎಂದು. ಅವರ ನಗು ನ್ಯಾಯವಾದದ್ದೇ. ಈದ ನಂತರ ಹಾಲಿಗೆ ಸುಣ್ಣದ ಅಂಶ ಒಮ್ಮೆಲೇ ಹರಿದು ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವುದರಿಂದ ಬರುವ ಈ ಕಾಯಿಲೆಯಲ್ಲಿ ಜ್ವರ ಇರುವುದಿಲ್ಲ, ಮೈಯ ಶಾಖ ಸಹಜಕ್ಕಿಂತ ಇಳಿಯುತ್ತದೆ. ಇಂಗ್ಲಿಷಿನವರು ತಪ್ಪಾಗಿ ಇಟ್ಟ ಹೆಸರನ್ನು ನಾವು 'ಹಾಲು ಜ್ವರ' ಎಂದು ಹಾಗೆಯೇ ಕನ್ನಡಕ್ಕೆ ಇಳಿಸಿಕೊಂಡಿದ್ದೇವೆ. ನಿಮ್ಮ ಹಸುವಿಗೆ ಹಾಲು ಜ್ವರ ಎಂದು ಕೇಳಿದ ರೈತ, ಜ್ವರ ಇಳಿಯುವ ಗುಳಿಗೆ ತಂದು ಕಾದು ಕೂತರೆ ತಪ್ಪು ಯಾರದು? ಆದ್ದರಿಂದ ನಾನು ಕೇಳುತ್ತಿರುವುದು ಅನುವಾದವನ್ನಲ್ಲ. ಪಾರಿಭಾಷಿಕ ಪದಕೋಶಗಳ ಜೊತೆ ನನ್ನ ಕಚೇರಿಯ ಬದುಕು ಕಳೆದಿದೆ. ಯಾರ ನಾಲಿಗೆಯ ಮೇಲೂ ಇಲ್ಲದ ಸಂಸ್ಕೃತ ಸಮಾಸಗಳು ಕಡತದಲ್ಲಿ ಹುಟ್ಟಿ ಕಡತದಲ್ಲೇ ಸಾಯುವುದನ್ನು ನೋಡಿದ್ದೇನೆ. ಕೆಚ್ಚಲು ಬಾವು ಇರುವಾಗ ಅದನ್ನು 'ಸ್ತನಗ್ರಂಥಿಯ ಉರಿಯೂತ' ಮಾಡುವುದರಿಂದ ಯಾವ ಹಸುವಿನ ಹಾಲೂ ತಿಳಿಯಾಗುವುದಿಲ್ಲ.

ಇಷ್ಟೆಲ್ಲ ಹೇಳುವುದರ ಹಿಂದೆ ಒಂದು ಸಾವು ಇದೆ. ಮೂರು ವರ್ಷಗಳ ಹಿಂದಿನ ಆಷಾಢದಲ್ಲಿ ಅಕ್ಕನ ಮನೆಯ ಮಣಕವೊಂದು, ಅಂದರೆ ಇನ್ನೂ ಕರು ಹಾಕದ ಎಳೆಯ ಆಕಳು, ಸಂಜೆ ಮೇವಿನಿಂದ ಬರುವಾಗ ಹಿಂಗಾಲು ಕುಂಟುತ್ತಿತ್ತು. ಭಾವ ಫೋನು ಮಾಡಿ "ಚಪ್ಪಿ ಹಿಡದಂಗ ಕಾಣ್ತೈತ್ರಿ" ಎಂದರು. ಆ ಕಡೆ ಕೇಳುತ್ತಿದ್ದ ಹುಡುಗ ಬೇರೆ ಸೀಮೆಯವನು, ಕೆಲಸಕ್ಕೆ ಹೊಸಬ. 'ಚಪ್ಪಿ' ಎಂಬುದು ಅವನಿಗೆ ಸೊಂಟ ಉಳುಕಿದಂತೆ ಕೇಳಿಸಿತು. ಕಾಲಿಗೆ ಏನೋ ಪೆಟ್ಟಾಗಿರಬೇಕು, ಬೆಳಿಗ್ಗೆ ಬಂದು ನೋವಿನ ಇಂಜೆಕ್ಷನ್ ಕೊಡುತ್ತೇನೆ ಎಂದ. ಬೆಳಗಾಗುವಷ್ಟರಲ್ಲಿ ಮಣಕ ಸತ್ತಿತ್ತು. ಆರಂಭದಲ್ಲೇ ಪೆನಿಸಿಲಿನ್ ಸಿಕ್ಕರೆ ಕೆಲವು ದನಗಳು ಬದುಕುತ್ತವೆ. ಅದು ಬದುಕುತ್ತಿತ್ತೋ ಇಲ್ಲವೋ ಹೇಳಲಾಗದು. ಆ ಹುಡುಗನನ್ನು ನಾನು ದೂರುವುದಿಲ್ಲ. ಅವನು ಸುಳ್ಳು ಹೇಳಲಿಲ್ಲ, ಫೋನು ಎತ್ತದೆ ಇರಲಿಲ್ಲ. ಅವನಿಗೆ ಆ ಮಾತನ್ನು ಯಾರೂ ಕಲಿಸಿರಲಿಲ್ಲ. ಭಾವನದೂ ತಪ್ಪಿತ್ತು. ಮುಂಗಾರಿಗೆ ಮೊದಲು ಊರಿಗೆ ಲಸಿಕೆ ಹಾಕಲು ಬಂದ ದಿನ ಅವರು ಬೀಜ ತರಲು ಪೇಟೆಗೆ ಹೋಗಿದ್ದರು, ಆಮೇಲೆ ಹಾಕಿಸಿದರಾಯಿತು ಎಂದು ಬಿಟ್ಟಿದ್ದರು. ಆ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ ಮಗ ಡಿಪ್ಲೊಮಾ ಸೇರುತ್ತೇನೆಂದಾಗ ಭಾವ ಎರಡು ಮಾತು ಆಡಲಿಲ್ಲ.

ಕಾನೂನು ಕೂಡ ರೈತನ ಮಾತನ್ನೇ ನಂಬಿ ನಿಂತಿದೆ ಎಂಬುದನ್ನು ಗಮನಿಸಬೇಕು. 2009ರ ಪ್ರಾಣಿಗಳ ಸೋಂಕು ಮತ್ತು ಸಾಂಕ್ರಾಮಿಕ ರೋಗಗಳ ತಡೆ ಹಾಗೂ ನಿಯಂತ್ರಣ ಅಧಿನಿಯಮದ ಪ್ರಕಾರ, ಅನುಸೂಚಿತ ರೋಗ ತಗುಲಿದೆ ಎಂದು ಅನುಮಾನ ಬಂದ ಪ್ರಾಣಿಯ ಒಡೆಯ ಗ್ರಾಮಾಧಿಕಾರಿಗೋ ಪಂಚಾಯಿತಿಗೋ ವರದಿ ಮಾಡಬೇಕು. ಅನುಸೂಚಿಯಲ್ಲಿರುವುದು ಆಂಥ್ರಾಕ್ಸ್, ರೈತ ವರದಿ ಮಾಡುವುದು ನೆರಡಿಯನ್ನು. ಮೂಗು ಬಾಯಿಗಳಿಂದ ಹೆಪ್ಪುಗಟ್ಟದ ರಕ್ತ ಸೋರಿ ದನ ಹಠಾತ್ತನೆ ಸತ್ತಿದೆ ಎಂಬ ಸುದ್ದಿ ಸರಿಯಾದ ಕಿವಿಗೆ ಬಿದ್ದರೆ, ಹೆಣವನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ ಎಂಬ ಎಚ್ಚರಿಕೆ ಕೂಡಲೇ ಹೊರಡುತ್ತದೆ. ತಡವಾದರೆ ಗಾಳಿಗೆ ತೆರೆದ ರಕ್ತದಿಂದ ಹುಟ್ಟುವ ಬೀಜಕಣಗಳು ಆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಈಗ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕರೆಯಲು 1962 ಎಂಬ ಉಚಿತ ಸಂಖ್ಯೆ ಇದೆ. ಒಳ್ಳೆಯ ವ್ಯವಸ್ಥೆ. ಆದರೆ ಫೋನಿನಲ್ಲಿ ದನ ಕಾಣುವುದಿಲ್ಲ, ಕೈಗೆ ಬಾವು ಸಿಗುವುದಿಲ್ಲ. ಅಲ್ಲಿ ಇರುವುದು ಮಾತೊಂದೇ. ಯಾವ ಕರೆಗೆ ಈಗಲೇ ಹೊರಡಬೇಕು, ಯಾವುದು ನಾಳೆಗೆ ತಡೆದೀತು ಎಂಬ ತೀರ್ಮಾನ ಆ ಮಾತಿನ ಮೇಲೆಯೇ ಆಗಬೇಕು.

ಇದಕ್ಕೆ ಇರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಔಷಧದ ಸೀಸೆಯ ಮೇಲಿನ ಬರಹ ಇಂಗ್ಲಿಷಿನಲ್ಲಿದೆ, ಸಂಶೋಧನೆ ಇಂಗ್ಲಿಷಿನಲ್ಲಿದೆ, ಹುಡುಗ ನಾಳೆ ಬೇರೆ ರಾಜ್ಯದಲ್ಲಿ ಕೆಲಸ ಹುಡುಕಬೇಕಾಗಬಹುದು. ಎಲ್ಲವೂ ನಿಜ. ಇಂಗ್ಲಿಷ್ ಬಿಡಿ ಎಂದು ಹೇಳುವವರಲ್ಲಿ ನಾನು ಸೇರಿಲ್ಲ. ನನ್ನ ಅನ್ನವೇ ಅದರದು. ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು: ಜನರ ಹೆಸರುಗಳು ಸಡಿಲ, ಒಂದೇ ಹೆಸರು ಎರಡು ರೋಗಗಳಿಗೆ ನಿಲ್ಲುತ್ತದೆ. ಮರಾಠಿಯ ಘಟಸರ್ಪವೇ ಮಕ್ಕಳ ಗಂಟಲಮಾರಿಗೂ, ಎಂದರೆ ಡಿಫ್ತೀರಿಯಾಕ್ಕೂ, ಹೆಸರು. ಆ ಎರಡು ರೋಗಾಣುಗಳಿಗೆ ಸಂಬಂಧವಿಲ್ಲ. ಹಠಾತ್ತನೆ ಸತ್ತ ದನ ನೆರಡಿಯೋ ಚಪ್ಪೆಯೋ ಗಳಲೆಯೋ ಎಂದು ಕೊನೆಗೆ ಹೇಳಬೇಕಾದದ್ದು ಸೂಕ್ಷ್ಮದರ್ಶಕ. ಹೆಸರಿನ ಜೊತೆಗೆ ಬರುವ ಬರೆ ಹಾಕುವ ಪದ್ಧತಿಯನ್ನು ನಾನು ಸಮರ್ಥಿಸಲಾರೆ. ಬಾವಿನ ಮೇಲೆ ಕಾದ ಕಬ್ಬಿಣವಿಟ್ಟರೆ ರೋಗಾಣು ಸಾಯುವುದಿಲ್ಲ, ದನ ಇನ್ನಷ್ಟು ನರಳುತ್ತದೆ. ಆದರೆ ಈ ಸಡಿಲವೇ ಕಲಿಸಬೇಕೆಂಬುದಕ್ಕೆ ಕಾರಣ. ರೈತ ಗಳಲೆ ಎಂದಾಗ ಇನ್ನೇನೇನು ಇರಬಹುದು, ಮುಂದೆ ಯಾವ ಪ್ರಶ್ನೆ ಕೇಳಬೇಕು ಎಂದು ತಿಳಿಯಬೇಕಾದರೆ ಮೊದಲು ಗಳಲೆ ಎಂಬ ಮಾತು ಪಾಠದಲ್ಲಿ ಇರಬೇಕು. ಈ ಮಕ್ಕಳ ಪಾತ್ರಕ್ಕೂ ಇದು ಒಪ್ಪುತ್ತದೆ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತಿನ ಅಧಿನಿಯಮದಂತೆ, ರಾಜ್ಯ ಸರ್ಕಾರ ಅನುಮತಿಸಿದ ಡಿಪ್ಲೊಮಾದವರು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣ ಚಿಕಿತ್ಸೆಗಳನ್ನು ಮಾತ್ರ ಮಾಡಬಹುದು. ಅಂದರೆ ರೈತನ ಮಾತನ್ನು ವೈದ್ಯರಿಗೆ ಮುಟ್ಟಿಸುವ ಮಧ್ಯದ ಕೊಂಡಿ ಅವರೇ. ಎರಡೂ ತುದಿಯ ಭಾಷೆ ಬಾರದ ಕೊಂಡಿಯಿಂದ ಏನು ಪ್ರಯೋಜನ?

ಜಗತ್ತು ಇದನ್ನು ಒಮ್ಮೆ ಒಪ್ಪಿಕೊಂಡಿದೆ. 1890ರ ದಶಕದಲ್ಲಿ ಆಫ್ರಿಕಾದ ಬಹುಪಾಲು ದನಗಳನ್ನು ಅಳಿಸಿಹಾಕಿದ, ನಮ್ಮ ದೇಶದಲ್ಲೂ ಶತಮಾನಗಳ ಕಾಲ ಕೊಟ್ಟಿಗೆಗಳನ್ನು ಬರಿದು ಮಾಡಿದ ರಿಂಡರ್‌ಪೆಸ್ಟ್ ರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಸಿಡುಬಿನ ನಂತರ ಮನುಷ್ಯ ಹೀಗೆ ಅಳಿಸಿದ ಎರಡನೆಯ ರೋಗ ಅದು. ಭಾರತ 1954ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮ 2006ರಲ್ಲಿ ಗುರಿ ಮುಟ್ಟಿತು. ಲಸಿಕೆಯದೇ ಮುಖ್ಯ ಪಾತ್ರ, ಸಂಶಯವಿಲ್ಲ. ಆದರೆ ಪೂರ್ವ ಆಫ್ರಿಕಾದ ದೂರದ ಹುಲ್ಲುಗಾವಲುಗಳಲ್ಲಿ ಕೊನೆಗುಳಿದ ರೋಗವನ್ನು ಹುಡುಕಲು ಪಶುವೈದ್ಯರು ದನಗಾಹಿಗಳ ನಡುವೆ ಕೂತು, ಅವರ ಭಾಷೆಯಲ್ಲಿ ಆ ರೋಗಕ್ಕಿರುವ ಹೆಸರಿನಿಂದಲೇ ವಿಚಾರಿಸಿದರು. ದನಗಾಹಿಗಳನ್ನೇ ತರಬೇತು ಮಾಡಿ ಲಸಿಕೆ ಹಾಕಿಸಿದರು. ಆ ಕ್ರಮ ಇಂದು ಸಾಂಕ್ರಾಮಿಕ ರೋಗವಿಜ್ಞಾನದ ಒಂದು ಅಂಗೀಕೃತ ವಿಧಾನ.

ಕನ್ನಡಕ್ಕೆ ಈ ಕೆಲಸ ಹೊಸದೂ ಅಲ್ಲ. ಚಾಲುಕ್ಯ ಮನೆತನದ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಆರಂಭದಲ್ಲಿ 'ಗೋವೈದ್ಯ'ವನ್ನು ಕನ್ನಡದಲ್ಲಿ ಬರೆದ. ಅದರ ಮದ್ದುಗಳನ್ನು ಇಂದು ಕೊಡಿ ಎಂದು ನಾನು ಹೇಳುತ್ತಿಲ್ಲ. ದನದ ರೋಗ ಕನ್ನಡದಲ್ಲಿ ಬರೆಯತಕ್ಕ ವಿಷಯವೆಂದು ಒಬ್ಬ ಅರಸುಮಗನಿಗೆ ಅನ್ನಿಸಿತ್ತು ಎಂಬುದನ್ನು ನೆನಪಿಸುತ್ತಿದ್ದೇನೆ. ಆ ಶಕ್ತಿ ಈಗಲೂ ಇದೆ. ಆಫ್ರಿಕಾದ ಜಾಂಬಿಯಾದಲ್ಲಿ 1929ರಲ್ಲಿ ಮೊದಲು ಗುರುತಿಸಿದ ಲಂಪಿ ಸ್ಕಿನ್ ರೋಗ 2019ರಲ್ಲಿ ಭಾರತಕ್ಕೆ ಬಂತು. 2022ರಲ್ಲಿ ಮಹಾರಾಷ್ಟ್ರ, ಕರ್ನಾಟಕಗಳ ದನಗಳ ಮೈಮೇಲೆ ಗಂಟುಗಳೆದ್ದಾಗ ನಮ್ಮ ಜನರ ಬಾಯಲ್ಲಿ 'ಚರ್ಮಗಂಟು ರೋಗ' ಆಗಲೇ ಇತ್ತು. ಯಾವ ಸಮಿತಿಗೂ ಕಾಯಬೇಕಾಗಲಿಲ್ಲ.

ಮಾಡಬೇಕಾದದ್ದು ಹೆಚ್ಚೇನೂ ಅಲ್ಲ. ಪಾಲಿಟೆಕ್ನಿಕ್ಕಿನ ಮೊದಲ ವರ್ಷದ ಪ್ರತಿ ವಿದ್ಯಾರ್ಥಿಯೂ ತನ್ನ ತಾಲೂಕಿನ ಹತ್ತು ಮನೆ ತಿರುಗಿ, ರೋಗದ ಹೆಸರು, ಅದರ ಲಕ್ಷಣ, ಬರುವ ಕಾಲ ಇವನ್ನು ರೈತರು ಹೇಳಿದಂತೆಯೇ ಬರೆದು ತರಲಿ. ಅಧ್ಯಾಪಕರು ಅದರ ಎದುರಿಗೆ ಶಾಸ್ತ್ರದ ಹೆಸರನ್ನೂ ಅನುಮಾನಿಸಬೇಕಾದ ಬೇರೆ ರೋಗಗಳನ್ನೂ ತುಂಬಿಸಲಿ. ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆಯಾದರೂ ರೈತನ ಮಾತಿನಲ್ಲಿರಲಿ: "ನಿನ್ನೆ ಈದ ಎಮ್ಮೆ, ಕಸ ಬಿದ್ದಿಲ್ಲ, ಮೇವು ಮುಟ್ಟುತ್ತಿಲ್ಲ" ಎಂದರೆ ನೀನು ಏನು ಕೇಳುತ್ತೀ, ಏನು ಮಾಡುತ್ತೀ, ಯಾವಾಗ ವೈದ್ಯರನ್ನು ಕರೆಯುತ್ತೀ? ಹಾಗೆ ಸೇರಿದ ಪಟ್ಟಿಗಳನ್ನು ಜಿಲ್ಲಾವಾರು ಒಟ್ಟುಗೂಡಿಸಿ 1962ರ ಕರೆ ಕೇಳುವವರ ಮೇಜಿನ ಮೇಲಿಡಲಿ.

ನಮ್ಮ ಬಳಗಕ್ಕೂ ಇದರಲ್ಲಿ ಪಾಲಿದೆ. ಮುಂಬಯಿಯ ಕನ್ನಡ ಸಂಘಗಳಲ್ಲಿ ಎಪ್ಪತ್ತು ದಾಟಿದ ಎಷ್ಟೋ ಹಿರಿಯರು ದನದ ಮನೆಯಿಂದ ನೇರವಾಗಿ ವಿ.ಟಿ. ಸ್ಟೇಷನ್ನಿಗೆ ಬಂದಿಳಿದವರು. ವಿಜಯಪುರದವರು, ಧಾರವಾಡದವರು, ಕರಾವಳಿಯವರು; ಒಂದೊಂದು ಸೀಮೆಗೆ ಒಂದೊಂದು ಮಾತು. ಅವರ ನೆನಪಿನಲ್ಲಿರುವ ದನದ ಕಾಯಿಲೆಯ ಹೆಸರುಗಳು ಅವರ ಮಕ್ಕಳಿಗೆ ಬೇಕಿಲ್ಲ. ಬೇಕಾದವರು ಬೇರೆ ಕಡೆ ಇದ್ದಾರೆ. ಮುಂದಿನ ತಿಂಗಳ ಕೂಟದಲ್ಲಿ ಒಂದು ಗಂಟೆ ಇದಕ್ಕಾಗಿ ಇಡೋಣವೆಂದು ನಾನು ಸೂಚಿಸುತ್ತೇನೆ. ಬರೆದುಕೊಳ್ಳುವ ಕೆಲಸ ನನ್ನದು.

ಸೋದರಳಿಯ ಊರಿಗೆ ಹೊರಟ ದಿನ ಅವನ ನೋಟ್ಸಿನ ಕೊನೆಯ ಎರಡು ಪುಟ ಇಂಥ ಮಾತುಗಳಿಂದ ತುಂಬಿದ್ದವು. ಚಪ್ಪಿ, ಫರ್‍ಯಾ, ಬ್ಲ್ಯಾಕ್ ಕ್ವಾರ್ಟರ್ ಒಂದೇ ಸಾಲಿನಲ್ಲಿ. ಅದರ ಮುಂದೆ 'ಹಪ್ಪಳ ಮುರಿದ ಸಪ್ಪಳ, ಕೂಡಲೇ ಹೊರಡು' ಎಂದು. ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಅವನೇ ಹೇಳಿದ. ಜೂನ್ ಮೊದಲ ವಾರ ಅವನ ಫೋನು ಬಂತು. ಮಳೆಗೆ ಮೊದಲೇ ಲಸಿಕೆ ಹಾಕುವ ತಂಡದ ಜೊತೆ ಹೋಗಿದ್ದನಂತೆ. ತಮ್ಮ ಓಣಿಯಲ್ಲಿ ಯಾವ ಮನೆಯ ದನವನ್ನೂ ಬಿಡಲಿಲ್ಲವಂತೆ. ಭಾವ ಆ ದಿನ ಪೇಟೆಗೆ ಹೋಗಿರಲಿಲ್ಲ.